ಒಪ್ಪತ್ತಿನ ಗುಳಿಗೆ

ಬೈಲಹೊಂಗಲದ ಜನ ಪದ್ಮವ್ವನ ಸಾವನ್ನು ಪುಣ್ಯದ ಸಾವು ಎಂದರು. ಶ್ರಾವಣದ ಮೂರನೆಯ ಸೋಮವಾರ, ಮುಂಜಾನೆ ಹನ್ನೊಂದರ ಸುಮಾರಿಗೆ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತವಳು ಕೂತಲ್ಲೇ ಹೋದಳು. ಓಣಿಯ ಹೆಂಗಸರು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಮಠದ ಗಂಗಯ್ಯನವರು, "ಇಂಥಾ ಸಾವು ಬೇಡಿದರೂ ಸಿಗೂದಿಲ್ಲ, ಮಾಸ್ತರ. ಅಳಬ್ಯಾಡ್ರಿ," ಎಂದರು. ಆಮೇಲೆ ಒಂದು ವರ್ಷ, ಯಾರ ಮನೆಯಲ್ಲಿ ಯಾರು ಸತ್ತರೂ ಪದ್ಮವ್ವನ ಮಾತು ಬಂದೇ ಬರುತ್ತಿತ್ತು. ಆಕೆಯ ಗಂಡ ನಿಜಗುಣಪ್ಪ ಮಾಸ್ತರರು ತಲೆ ತಗ್ಗಿಸಿ ಕೇಳುತ್ತಿದ್ದರು. ತಾವು ಆ ದಿನ ಕಂಡದ್ದನ್ನು ಯಾರಿಗೂ ಹೇಳಲಿಲ್ಲ.

ಅವರು ಕಂಡದ್ದು ಇಷ್ಟು. ಹತ್ತೂವರೆಗೆ ದೇವರ ಖೋಲಿಯಲ್ಲಿ ಇಣುಕಿದಾಗ ಪದ್ಮವ್ವನ ಮುಖದ ಮೇಲೆ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಹಣೆಯ ವಿಭೂತಿ ಕರಗಿ ಹುಬ್ಬಿನ ಮೇಲೆ ಬಂದಿತ್ತು. ತಲೆ ಮೆಲ್ಲಗೆ ತೂಗುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ನಲವತ್ತು ವರ್ಷ ಹೆಂಡತಿಯ ಪಕ್ಕದಲ್ಲಿ ಕೂತು ಪೂಜೆ ಮಾಡಿದ ಮಾಸ್ತರರಿಗೆ ಅಂಥ ತನ್ಮಯತೆ ಒಂದು ದಿನವೂ ಒದಗಿರಲಿಲ್ಲ. ಶಿವ ಇವಳಿಗೆ ಒಲಿದ ಎಂದುಕೊಂಡರು. ಖರೇ ಹೇಳಬೇಕೆಂದರೆ ತುಸು ಹೊಟ್ಟೆಕಿಚ್ಚೂ ಆಯಿತು. ಹೊರಗಿನ ಗದ್ದಲ ಆಕೆಗೆ ತಟ್ಟಬಾರದೆಂದು ಬಾಗಿಲು ಸಪ್ಪಳಾಗದಂತೆ ಮುಂದೆ ಎಳೆದು ಬಂದು ಪಡಸಾಲೆಯಲ್ಲಿ ಕೂತರು. ಮತ್ತೆ ಹೋಗಿ ನೋಡಿದಾಗ ಆಕೆ ಗೋಡೆಗೆ ವಾಲಿದ್ದಳು.

ಆ ಬೆವರು ಎಂಥ ಬೆವರು ಎಂಬುದು ಅವರಿಗೆ ತಿಳಿದದ್ದು ಒಂಬತ್ತು ತಿಂಗಳ ಮೇಲೆ, ತೊಂಬತ್ತೆಂಟರ ಬೇಸಿಗೆಯಲ್ಲಿ, ಕಿತ್ತೂರಿನಲ್ಲಿ.

ಮಾಸ್ತರರ ತಂಗಿ ಸಿದ್ದಲಿಂಗವ್ವ ದೇಗಾಂವಿಗೆ ಕೊಟ್ಟ ಹೆಣ್ಣು. ಗಂಡ ತೀರಿಹೋಗಿದ್ದ. ತಾನು ವೈನಿ ಎಂದು ಕರೆಯುತ್ತಿದ್ದ ಅತ್ತಿಗೆ ಸತ್ತ ಮೇಲೆ ಅಣ್ಣನಿಗೆ ಎರಡು ರೊಟ್ಟಿ ಬಡಿದು ಹಾಕಲು ಬೈಲಹೊಂಗಲಕ್ಕೆ ಬಂದು ನಿಂತಿದ್ದಳು. ಅವಳಿಗೂ ಪದ್ಮವ್ವನ ಹಾಗೆಯೇ ಸಕ್ಕರೆ ರೋಗ. ನೋಡುವ ಡಾಕ್ಟರರೂ ಅದೇ ನೀಲಕಂಠರು, ಗುಳಿಗೆಯೂ ಅದೇ. ಕಿತ್ತೂರಿನ ಒಂದು ಸಾಲೆಯ ಬಯಲಿನಲ್ಲಿ ಸಕ್ಕರೆ ರೋಗದ ಶಿಬಿರ ಇದೆ, ಕಣ್ಣು ನೋಡುತ್ತಾರೆ ಎಂದು ಯಾರೋ ಹೇಳಿದ್ದರಿಂದ ಮಾಸ್ತರರು ತಂಗಿಯನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ಬೆಳಗಾವಿಯಿಂದ ಬಂದ ಒಬ್ಬ ಎಳೆಯ ವಯಸ್ಸಿನ ಡಾಕ್ಟರಬಾಯಿ ಎಲ್ಲರನ್ನೂ ಕೂಡಿಸಿಕೊಂಡು ಮೈಕಿನಲ್ಲಿ ಹೇಳುತ್ತಿದ್ದಳು.

"ಗುಳಗಿ ನುಂಗಿ ಊಟಾ ಬಿಟ್ರ ರಕ್ತದಾಗಿನ ಸಕ್ಕರಿ ಇಳೀತದ. ಮೈ ಬೆವರತದ, ಕೈ ನಡಗತಾವ, ತಲಿ ತೂಗತದ, ಮಾತು ತೊದಲತದ. ನಿದ್ದಿ ಬಂದದ ಅಂತ ಬಿಡಬ್ಯಾಡ್ರಿ. ಎಚ್ಚರ ಇದ್ದಾಗನ ಬಾಯಾಗ ಒಂದು ಚಮಚಾ ಸಕ್ಕರಿ ಹಾಕ್ರಿ. ಹತ್ತು ಮಿನಿಟಿನಾಗ ಎದ್ದು ಕೂಡ್ತಾರ."

ಒಂದು ಚಮಚ ಸಕ್ಕರೆ. ಮಾಸ್ತರರ ಅಡುಗೆ ಮನೆಯಲ್ಲಿ ಐದು ಕಿಲೋದ ಡಬ್ಬಿ ತುಂಬಿ ಇತ್ತು. ದೇವರ ಖೋಲಿಯಿಂದ ಆ ಡಬ್ಬಿಗೆ ಎಂಟು ಹೆಜ್ಜೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಮಾಸ್ತರರು, "ಸಿದ್ದವ್ವ, ಈ ಶ್ರಾವಣದಾಗ ನೀ ಒಪ್ಪತ್ತು ಮಾಡೂದು ಬ್ಯಾಡ," ಎಂದರು. ಒಪ್ಪತ್ತು ಎಂದರೆ ತಿಂಗಳಿಡೀ ದಿನಕ್ಕೆ ಒಂದೇ ಊಟ, ಅದೂ ಸಂಜೆಯ ಪೂಜೆ ಆದ ಮೇಲೆ. ಸೋಮವಾರವಂತೂ ಅಲ್ಲಿಯತನಕ, ಗುಳಿಗೆ ನುಂಗುವ ಗುಟುಕು ಬಿಟ್ಟರೆ, ಹನಿ ನೀರೂ ಇಲ್ಲ. ಆ ಮನೆಯಲ್ಲಿ ಅದು ಮೂರು ತಲೆಮಾರಿನ ನಡಾವಳಿ.

"ಯಾಕ?" ಎಂದಳು ಸಿದ್ದಲಿಂಗವ್ವ.

"ಆಕಿ ಹೇಳಿದ್ದು ಕೇಳಲಿಲ್ಲೇನು?"

"ಕೇಳೀನಿ. ಆಕಿ ಹಣಿ ಮ್ಯಾಲ ವಿಭೂತಿ ಇಲ್ಲ, ಕೊಳ್ಳಾಗ ಲಿಂಗ ಇಲ್ಲ. ಶ್ರಾವಣ ಅಂದ್ರೇನು ಅನ್ನೂದು ಆಕಿಗೇನು ಗೊತ್ತು?"

"ನಿಮ್ಮ ವೈನಿನೂ ಅವತ್ತ..."

"ವೈನಿ ಮಾತು ತಗೀಬ್ಯಾಡ ಅಣ್ಣಾ. ಆಕಿನ್ನ ಶಿವ ಕೈ ಹಿಡದು ಕರಕೊಂಡು ಹೋದ. ಅಂಥಾ ಸಾವು ನನಗೂ ಕೊಡಪಾ ಅಂತ ನಾ ದಿನಾ ಬೇಡಕೊಳ್ಳತೇನಿ."

ಅವಳು ಮುಂದುವರಿಸಿದಳು: "ನೀಲಕಂಠ ಡಾಕ್ಟರು ನಮ್ಮನ್ನ ಇಪ್ಪತ್ತು ವರ್ಷದಿಂದ ನೋಡ್ಯಾರ. ಅವರು ಒಂದು ದಿನಾನೂ ಹಿಂಗ ಅಂದಿಲ್ಲ. ಉಪಾಸ ಮಾಡ್ತೀಯೇನು ಅಂತ ಅವರು ಬಾಯಿ ಬಿಟ್ಟು ಕೇಳಲಿ, ಅವರು ಹೇಳಿದಂಗ ಕೇಳತೇನಿ. ಈ ಹುಡಿಗಿ ಮಾತಿಗೆ ನಾ ಶಿವನ್ನ ಬಿಡಂಗಿಲ್ಲ."

ಅವಳು ಅಂದದ್ದು ಖರೇ ಇತ್ತು. ಅವರು ಒಂದು ದಿನವೂ ಹಾಗೆ ಅಂದಿರಲಿಲ್ಲ. ಪದ್ಮವ್ವನಿಗೆ ಅವರು ಹೇಳಿದ್ದು ಒಂದೇ ಮಾತು: "ಗುಳಗಿ ಒಂದು ದಿನಾನೂ ತಪ್ಪಿಸಬ್ಯಾಡ್ರಿ." ಪದ್ಮವ್ವ ತಪ್ಪಿಸಲಿಲ್ಲ. ವ್ರತವನ್ನೂ ತಪ್ಪಿಸಲಿಲ್ಲ.

ನೀಲಕಂಠ ಡಾಕ್ಟರರ ದವಾಖಾನೆ ಬಜಾರದ ಹಿಂದಿನ ಓಣಿಯಲ್ಲಿತ್ತು. ಮುಂದೆ ದವಾಖಾನೆ, ಹಿಂದೆ ಮನೆ. ಮಗ ಅಭಿಜಿತನೂ ಓದಿ ಬಂದು ಅಲ್ಲೇ ಕೂತಿದ್ದ. ತಂದೆ ಮಗ ಇಬ್ಬರೂ ಕೈಗುಣದವರು ಎಂದು ಸುತ್ತಿನ ಹಳ್ಳಿಗಳಲ್ಲಿ ಹೆಸರು. ನಿಜಗುಣಪ್ಪ ಮಾಸ್ತರರು ನೇರ ಹೋಗಿ ಜಗಳಕ್ಕೆ ನಿಲ್ಲಬಹುದಿತ್ತು. ಆದರೆ ಮೂವತ್ತಾರು ವರ್ಷ ಕನ್ನಡ ಸಾಲೆಯಲ್ಲಿ ಕಲಿಸಿದ ಮನುಷ್ಯ, ನೋಡದೆ ದೂರು ಹೇಳುವವರಲ್ಲ. ಡಾಕ್ಟರರು ಉಪವಾಸದ ಮಾತನ್ನು ತಮ್ಮ ಹೆಂಡತಿ ಒಬ್ಬಳಿಗೆ ಕೇಳಲಿಲ್ಲವೋ, ಯಾರಿಗೂ ಕೇಳುವುದಿಲ್ಲವೋ, ಅದು ಮೊದಲು ಗೊತ್ತಾಗಬೇಕು.

ಅವರ ಕಾಲದಲ್ಲಿ ಸಾಲೆಗಳಿಗೆ ಒಬ್ಬರು ಹಳೆಯ ಇನ್ಸ್‌ಪೆಕ್ಟರರಿದ್ದರು. ತಪಾಸಣೆಗೆ ಬಂದರೆ ಮಾಸ್ತರರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಹೋಗಿ ಕೂತು, "ಇವತ್ತು ಏನು ಕಲತಿ?" ಎಂದು ಮಕ್ಕಳನ್ನು ಕೇಳುತ್ತಿದ್ದರು. ಮಕ್ಕಳ ಉತ್ತರದ ಮೇಲೆ ಮಾಸ್ತರರ ಕೆಲಸದ ಬಗ್ಗೆ ಷರಾ ಬರೆಯುತ್ತಿದ್ದರು. ನಿಜಗುಣಪ್ಪನವರು ಅದೇ ದಾರಿ ಹಿಡಿದರು. ಆಷಾಢದಲ್ಲಿ ಹನ್ನೆರಡು ದಿನ, ಮುಂಜಾನೆ ಪೂಜೆ ಮುಗಿಸಿ, ಒಂದು ನೋಟಬುಕ್ಕು ಹಿಡಿದು ದವಾಖಾನೆಯ ಕಟ್ಟೆಯ ಮೇಲೆ ಕೂತರು.

ಎರಡನೆಯ ದಿನ ಕಂಪೌಂಡರ ಸೋಮಪ್ಪ ತಡೆಯಲಾರದೆ ಹೊರಗೆ ಬಂದ.

"ಏನ್ರಿ ಮಾಸ್ತರ, ನಂಬರ ಹಚ್ಚಂಗಿಲ್ಲ, ಒಳಗ ಬರಂಗಿಲ್ಲ. ಏನು ಬಂದೀರಿ?"

"ತಪಾಸಣಿಗೆ."

"ರಕ್ತದ್ದೋ, ಉಚ್ಚೀದೋ?"

"ದವಾಖಾನೀದು."

ಸೋಮಪ್ಪ ನಕ್ಕ. ಮಾಸ್ತರರು ನಗಲಿಲ್ಲ. ಅವನು ಒಳಗೆ ಹೋಗಿ ಸೂಜಿಗಳ ಪಾತ್ರೆಯ ನೀರು ಇನ್ನಷ್ಟು ಕುದಿಯಲಿ ಎಂದು ಸ್ಟೋವಿಗೆ ಎರಡು ಪಂಪು ಹೊಡೆದದ್ದು ಕಟ್ಟೆಗೆ ಕೇಳಿಸಿತು.

ಒಳ್ಳೆಯದನ್ನು ಮಾಸ್ತರರು ಮೊದಲು ಬರೆದರು. ಸೂಜಿ ಕುದಿಸುತ್ತಾರೆ. ಬಡವರನ್ನು ತಿರುಗಿ ಕಳಿಸುವುದಿಲ್ಲ. ಮುದುಕರು ಬಂದರೆ ದೊಡ್ಡ ಡಾಕ್ಟರರು ಎದ್ದು ಬಂದು ಕೈ ಹಿಡಿದು ಕೂಡಿಸುತ್ತಾರೆ. ಇದಾದ ಮೇಲೆ, ಸಕ್ಕರೆ ರೋಗದವರು ಹೊರಗೆ ಬಂದ ಹಾಗೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿದರು. ಡಾಕ್ಟರು ಏನು ಕೇಳಿದರು? ಏನು ಹೇಳಿದರು?

ಹೂವಿನ ಗಿಡದ ಓಣಿಯ ದೇವಕ್ಕ, "ಬಿಳಿ ಗುಳಗಿ ಮುಂಜಾನಿಗೊಂದು. ತಪ್ಪಿಸಬಾರದು," ಎಂದು ಪಾಠ ಒಪ್ಪಿಸಿದಂತೆ ಒಪ್ಪಿಸಿದಳು.

"ಊಟಾ ಬಿಟ್ಟ ದಿನಾ?"

"ಊಟಾ ಬಿಟ್ಟೇನು, ಗುಳಗಿ ಬಿಡಂಗಿಲ್ಲ ನಾ!" ಎಂದಳು ದೇವಕ್ಕ, ಶಭಾಶ್ ಅನ್ನಿಸಿಕೊಳ್ಳುವ ಮುಖ ಮಾಡಿಕೊಂಡು. ಮಾಸ್ತರರ ಕೈಯಲ್ಲಿ ಪೆನ್ನು ನಿಂತೇಬಿಟ್ಟಿತು.

ಹನ್ನೆರಡು ದಿನಕ್ಕೆ ನಲವತ್ತೊಂದು ಮಂದಿ. ಉಪವಾಸ ಮಾಡುತ್ತೀರೇನು ಎಂಬ ಮಾತನ್ನು ಡಾಕ್ಟರರು ಒಬ್ಬರಿಗೂ ಕೇಳಿರಲಿಲ್ಲ. ಅವರಲ್ಲಿ ಹತ್ತೊಂಬತ್ತು ಮಂದಿ ಬರುವ ಶ್ರಾವಣಕ್ಕೆ ಒಪ್ಪತ್ತು ಹಿಡಿಯುವವರು.

ಹನ್ನೆರಡನೆಯ ದಿನ ಮಧ್ಯಾಹ್ನ, ಕೊನೆಯ ಪೇಶಂಟು ಹೋದ ಮೇಲೆ, ಮಾಸ್ತರರು ಒಳಗೆ ಹೋಗಿ ನೋಟಬುಕ್ಕನ್ನು ಮೇಜಿನ ಮೇಲಿಟ್ಟರು. ಅಭಿಜಿತ ಹಾಳೆ ತಿರುವಿ ಹುಬ್ಬು ಏರಿಸಿದ.

"ಏನ್ ಮಾಸ್ತರ್ರ, ನಮಗೂ ಮಾರ್ಕ್ಸು ಕೊಡ್ಲಿಕ್ಕೆ ಬಂದೀರೇನು?"

"ಕೊಟ್ಟೇನಿ. ಸ್ವಚ್ಛತಾಕ್ಕ ಹತ್ತಕ್ಕ ಎಂಟು. ಮರ್ಯಾದಿಗೆ ಹತ್ತಕ್ಕ ಒಂಬತ್ತು. ವಿಚಾರಿಸೂದಕ್ಕ ಸೊನ್ನಿ."

"ಒಂದು ದಿನಕ್ಕ ಎಂಬತ್ತು ಮಂದಿ ನೋಡ್ತೀವ್ರೀ ನಾವು. ಯಾರ ಮನಿಯೊಳಗ ಯಾವ ವ್ರತ ಅದ ಅಂತ ಪಂಚಾಂಗ ಹಿಡಕೊಂಡು ಕೂಡಬೇಕೇನು? ಉಪಾಸ ಬಿಡ್ರಿ ಅಂದ್ರ ಈ ಹೆಣ್ಮಕ್ಕಳು ಕೇಳ್ತಾರೇನು?"

"ಕೇಳ್ತಾರೋ ಬಿಡ್ತಾರೋ, ನೀವು ಅಂದೀರೇನು ಅದನ್ನ ಹೇಳ್ರಿ."

ಅಭಿಜಿತ ಬಾಯಿ ತೆರೆಯುವ ಮೊದಲೇ ನೀಲಕಂಠ ಡಾಕ್ಟರರು ಕೈ ಎತ್ತಿ ಮಗನನ್ನು ಸುಮ್ಮನಾಗಿಸಿದರು. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದತೊಡಗಿದರು. ಮಾಸ್ತರರು ಕಾಯ್ದು ನಿಂತರು. ಆಮೇಲೆ ಕೇಳಿದರು: "ಡಾಕ್ಟರ್ರ, ನಿಮ್ಮ ಮನಿಯವರು, ಭಾಗೀರಥಿಬಾಯಾರಿಗೂ ಶುಗರ್ ಐತೆಂತ ಕೇಳೇನಿ. ಅವರು ಏಕಾದಶಿ ಮಾಡ್ತಾರಲ್ಲ?"

"ಮಾಡ್ತಾಳ."

"ಅವತ್ತ ಗುಳಗಿ?"

"ನಾನ ಎಣಿಸಿ ಕೊಡ್ತೀನಿ. ಉಪಾಸಿದ್ದ ಹೊತ್ತಿನ್ಯಾಗ ಕೊಡೂದಿಲ್ಲ."

"ಮನಿಯಾಗ ಕೇಳ್ತೀರಿ. ಹತ್ತು ಹೆಜ್ಜಿ ಈಚೆ ಬಂದ್ರ ಯಾಕ ಕೇಳಂಗಿಲ್ಲ?"

ನೀಲಕಂಠ ಡಾಕ್ಟರರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ತಗ್ಗಿದ ದನಿಯಲ್ಲಿ, "ಮಾಸ್ತರ, ಪದ್ಮವ್ವನವರು ಅವತ್ತ ಬೆವತಿದ್ರೇನು?" ಎಂದರು.

ನಲವತ್ತೊಂದು ಮಂದಿಯನ್ನು ಕೇಳಿ ಬಂದ ಮಾಸ್ತರರು ಒಂದು ಮಾತಿಗೆ ಉತ್ತರ ಕೊಡಲಾರದೆ ಹೋದರು. "ಶ್ರಾವಣ ಹುಟ್ಟಿದ ದಿನದಿಂದ ಎಲ್ಲಾರನೂ ಕೇಳ್ರಿ," ಎಂದಷ್ಟೇ ಹೇಳಿ ಹೊರಗೆ ಬಿದ್ದರು.

"ಕೇಳ್ತೇವಿ," ಎಂದು ಹಿಂದಿನಿಂದ ದೊಡ್ಡ ಡಾಕ್ಟರರು ಅಂದದ್ದು ಕಿವಿಗೆ ಬಿತ್ತು.

ಶ್ರಾವಣದ ಮೊದಲನೆಯ ಸೋಮವಾರ ಬಂತು. ಮಾಸ್ತರರು ಏಳುವ ಹೊತ್ತಿಗೆ ಸಿದ್ದಲಿಂಗವ್ವ ಗುಳಿಗೆ ಬಾಯಿಗೆ ಹಾಕಿಕೊಂಡು, ಅಂಗೈ ಒದ್ದೆಯಾಗುವಷ್ಟೇ ನೀರಿನಲ್ಲಿ ನುಂಗಿ ಆಗಿತ್ತು. ಚಹಾದ ಪಾತ್ರೆ ಒಲೆಯ ಮೇಲೆ ಏರಿರಲಿಲ್ಲ. ಅವರು ವಾದ ಮಾಡಲಿಲ್ಲ. "ಡಾಕ್ಟರು ಕೇಳಿದ್ರ ಅವರು ಹೇಳಿದಂಗ ಕೇಳತೇನಿ ಅಂದೀದಿ. ನಡಿ," ಎಂದರು. ಅವಳೂ ಕೊಟ್ಟ ಮಾತಿಗೆ ತಪ್ಪದವಳು, ಸೆರಗು ಹೊದ್ದು ಹೊರಟಳು.

ದವಾಖಾನೆಯ ಪಡಸಾಲೆ ತುಂಬಿತ್ತು. ಅಭಿಜಿತ ಡಾಕ್ಟರರು ಕೇಳುತ್ತಿದ್ದರು, ಅದು ಖರೇ. ಆದರೆ ಹಾಜರಿ ಕೂಗಿದ ಹಾಗೆ ಕೇಳುತ್ತಿದ್ದರು. "ಉಪಾಸ ಗಿಪಾಸ ಏನೂ ಇಲ್ಲಲ್ಲ? ಮಾಡಬಾರದು, ತಿಳೀತಿಲ್ಲೋ?" ಅವರ ದನಿ ಪರದೆಯ ಈಚೆಗೂ ಬರುತ್ತಿತ್ತು. ಪಡಸಾಲೆಯಲ್ಲಿ ಬೀರವ್ವ ಎಂಬ ಗಟ್ಟಿ ಹೆಂಗಸು ಪಕ್ಕದವರ ಕಿವಿಯಲ್ಲಿ, "ಹೌದಂದ್ರ ಬೈತಾರ. ಇಲ್ರೀ ಅಂದು ಎದ್ದು ಬರ್ರಿ," ಎಂದು ಉಪದೇಶ ಮಾಡುತ್ತಿದ್ದಳು. ಒಬ್ಬೊಬ್ಬಳೂ ಒಳಗೆ ಹೋಗಿ ಇಲ್ರೀ ಸಾಹೇಬ್ರ ಎಂದು ಹೇಳಿ ಗುಳಿಗೆ ತೆಗೆದುಕೊಂಡು ಬರುತ್ತಿದ್ದಳು. ದೇವಕ್ಕನೂ ಹಾಗೇ ಬಂದಳು.

ಸಿದ್ದಲಿಂಗವ್ವನ ಪಾಳಿ ಬಂತು. ಮಾಸ್ತರರು ಪರದೆಗೆ ಕಿವಿ ಕೊಟ್ಟು ಕೂತರು.

"ಉಪಾಸ ಇಲ್ಲಲ್ಲ?"

"ಇಲ್ರೀ," ಎಂದಳು ಅವರ ತಂಗಿ.

ಮಾಸ್ತರರಿಗೆ ಸಿಟ್ಟು ಬರಲಿಲ್ಲ. ಸಾಲೆಯಲ್ಲಿ ಬೆತ್ತ ಹಿಡಿದು ಪ್ರಶ್ನೆ ಕೇಳುವ ಮಾಸ್ತರನಿಗೆ ಮಕ್ಕಳು ಏನು ಉತ್ತರ ಕೊಡುತ್ತಾರೆ ಎಂಬುದು ಅವರಿಗೆ ಗೊತ್ತಿರದ ಸಂಗತಿಯಲ್ಲ. ಸುಳ್ಳು ಹೇಳಿದವರನ್ನು ಏನೆಂದು ಬಯ್ಯುವುದು? ದೊಡ್ಡ ಡಾಕ್ಟರರು ಮರ್ಯಾದೆಯಿಂದ ಕೇಳಿದ ಒಂದು ಪ್ರಶ್ನೆಗೆ ತಾವೇ ಏನು ಉತ್ತರ ಕೊಟ್ಟಿದ್ದರು? ಪದ್ಮವ್ವನ ಪುಣ್ಯದ ಸಾವಿನ ಕಥೆಯನ್ನು ಊರೆಲ್ಲ ಹಬ್ಬಲು ಬಿಟ್ಟು ಸುಮ್ಮನೆ ಕೂತವರು ಯಾರು? ಅದೇ ಸಾವು ಬೇಕೆಂದು ಈ ಪಡಸಾಲೆಯಲ್ಲಿ ಎಷ್ಟು ಮಂದಿ ಬೇಡಿಕೊಂಡಿದ್ದಾರೋ ಶಿವನೇ ಬಲ್ಲ. ಅವರು ಮನಸ್ಸಿನಲ್ಲಿ ಶಿವಶಿವಾ ಎಂದು, ಮೊಣಕಾಲಿಗೆ ಕೈ ಊರಿ ಎದ್ದು ನಿಂತರು.

"ಯವ್ವಗೋಳ್ರಾ, ಒಂದು ಮಾತು ಹೇಳೂದೈತಿ."

ಸಿದ್ದಲಿಂಗವ್ವ ಪರದೆ ಸರಿಸಿ ಹೊರಗೆ ಬಂದವಳು ಅಲ್ಲೇ ನಿಂತಳು.

"ನಮ್ಮ ಪದ್ಮವ್ವ ಲಿಂಗ ಹಿಡಕೊಂಡು ಹೋದಳು ಅಂತ ನೀವೆಲ್ಲಾ ಅಂತೀರಿ. ಖರೇನ. ಆದರ ಆಕಿ ಪೂಜಿಯಿಂದ ಹೋಗಲಿಲ್ಲ. ಮುಂಜಾನಿ ಗುಳಗಿ ನುಂಗಿದ್ಲು, ಹೊಟ್ಟ್ಯಾಗ ಏನೂ ಇರಲಿಲ್ಲ. ರಕ್ತದಾಗಿನ ಸಕ್ಕರಿ ಇಳೀತು. ಮೈಯೆಲ್ಲಾ ಬೆವರು, ತಲಿ ತೂಗಾಕ ಹತ್ತಿತ್ತು. ನಾ ಬಂದು ನೋಡೇನಿ."

"ಅಣ್ಣಾ," ಎಂದಳು ಸಿದ್ದಲಿಂಗವ್ವ, "ವೈನಿ ಹೆಸರು ಕೆಡಸಬ್ಯಾಡ. ನಾಕು ಮಂದ್ಯಾಗ ಕುಂತ್ಕೋ ಸುಮ್ಮ."

"ಕುಂದ್ರಂಗಿಲ್ಲ. ಒಂದು ವರ್ಷ ಕುಂತೀನಿ, ಸಾಕು. ನಾ ನೋಡೇನಿ. ನೋಡಿ, ಶಿವ ಒಲದಾನ ಅಂತ ತಿಳದು, ಬಾಗಲಾ ಮುಂದ ಮಾಡಿ ಬಂದು ಹೊರಗ ಕುಂತೆ. ಅರ್ಧಾ ತಾಸು. ಒಂದು ಚಮಚಾ ಸಕ್ಕರಿ ಬಾಯಾಗ ಹಾಕಿದ್ರ ಇವತ್ತ ಆಕಿ ಇಲ್ಲಿ ನಿಮ್ಮ ಕೂಡ ಕುಂತಿರ್ತಿದ್ಲು. ಡಾಕ್ಟರು ಕೇಳಲಿಲ್ಲ, ಅದು ಅವರ ತಪ್ಪು. ಅದನ್ನ ಬರದು ಕೊಟ್ಟೇನಿ. ಕಣ್ಣಾರೆ ನೋಡಿ ಬಾಗಲಾ ಮುಚ್ಚಿದವ ನಾನು. ಅದನ್ನ ಯಾರಿಗೂ ಹೇಳಿರಲಿಲ್ಲ. ಈಗ ಹೇಳೇನಿ."

ಒಳಗಿನ ಖೋಲಿಯಿಂದ ನೀಲಕಂಠ ಡಾಕ್ಟರರು ಬಂದು ಬಾಗಿಲಲ್ಲಿ ನಿಂತಿದ್ದರು.

ಬೀರವ್ವ ಮೊದಲು ಬಾಯಿ ಬಿಟ್ಟಳು. "ಹಂಗಾರ ಏನು ಮಾಸ್ತರ್ರ, ಶಿವನ್ನ ಬಿಟ್ಟುಬಿಡೂದೇನು ನಾವು?"

"ನಾ ಬಿಟ್ಟೇನೇನವಾ? ಇವತ್ತ ನಾನೂ ಉಪಾಸ ಅದೀನಿ. ನನಗ ಶುಗರ್ ಇಲ್ಲ, ನಡೀತೈತಿ. ನೀವು ಶಿವನ್ನ ಬಿಡಬ್ಯಾಡ್ರಿ. ಸಾಹೇಬ್ರ ಮುಂದ ಇದ್ದದ್ದು ಹೇಳ್ರಿ. ಹೆಂಗ ಮಾಡಬೇಕು ಅಂತ ಅವರು ಹೇಳಲಿ."

"ಬೈತಾರಲ್ಲ!"

"ಬೈಯೂದಿಲ್ಲವಾ," ಎಂದರು ದೊಡ್ಡ ಡಾಕ್ಟರರು ಬಾಗಿಲಿನಿಂದ. ಮಗನ ಕಡೆ ಒಮ್ಮೆ ನೋಡಿದರು. "ಯಾರೂ ಬೈಯೂದಿಲ್ಲ. ಮಾಸ್ತರು ಹೇಳಿದ್ದು ಖರೆ ಅದ. ನಾ ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳ್ತೀನಿ. ಮುಂಜಾನಿ ಗುಳಗಿ ನುಂಗಿ ಏನೂ ತಿನ್ನದ ಬಂದವರು ಯಾರ್ಯಾರು?"

ದೇವಕ್ಕ ಬೆರಳು ಎತ್ತಿದಳು, ಸಾಲೆಯ ಹುಡುಗಿಯ ಹಾಗೆ. "ಕೈ ಸಣ್ಣಗ ನಡಗಾಕ ಹತ್ತ್ಯಾವ್ರೀ. ಮುದಕಿ ಆದೆ ಅಂತ ಸುಮ್ಮನಿದ್ದೆ." ಅವಳ ಪಕ್ಕದವಳು ಎತ್ತಿದಳು. ಅದರಾಚೆಯವಳು ಎತ್ತಿದಳು. ಬೀರವ್ವ ಎಲ್ಲರನ್ನೂ ಒಂದು ಸಲ ದುರುಗುಟ್ಟಿ ನೋಡಿ, "ನಂದೂ ಬರಕೊಳ್ರೀ," ಎಂದಳು. ಒಟ್ಟು ಏಳು ಕೈ. ಸಿದ್ದಲಿಂಗವ್ವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ದೊಡ್ಡ ಡಾಕ್ಟರರು ಸೋಮಪ್ಪನಿಗೂ ಹೇಳದೆ ತಾವೇ ಹಿಂದಿನ ಮನೆಗೆ ಹೋಗಿ, ಒಂದು ದೊಡ್ಡ ಪಾತ್ರೆಯಲ್ಲಿ ಸಕ್ಕರೆ ಹಾಕಿದ ಹಾಲು ಎರಡೂ ಕೈಯಲ್ಲಿ ಹಿಡಿದು ತಂದರು. ಸೋಮಪ್ಪ ಲೋಟಗಳನ್ನು ತೊಳೆದು ಕೊಟ್ಟ. ದೇವಕ್ಕನಿಗೆ ಮೊದಲು ಕುಡಿಸಿದರು. ಅಭಿಜಿತ ಡಾಕ್ಟರರು ಕುರ್ಚಿಯನ್ನು ಪರದೆಯ ಈಚೆಗೆ ಎಳೆದುಕೊಂಡು ಬಂದು, ಅವಳ ಮುಂಗೈ ಹಿಡಿದು, "ದಿನಾ ಊಟ ಎಷ್ಟಕ್ಕ ಮಾಡ್ತೀರಿ, ದೇವಕ್ಕಾ?" ಎಂದು ಕೇಳಿದರು. ಈ ಸಲದ ದನಿ ಬೇರೆ ಇತ್ತು.

ಏಳು ಜನರದ್ದೂ ಮುಗಿದ ಮೇಲೆ ಮಾಸ್ತರರು ತಂಗಿಯ ಹತ್ತಿರ ಹೋಗಲಿಲ್ಲ. ಹೋಗಿದ್ದರೆ ಅವಳು ಹೊರಟುಬಿಡುತ್ತಿದ್ದಳು. ಸಿದ್ದಲಿಂಗವ್ವ ತಾನೇ ತಿರುಗಿ ದೊಡ್ಡ ಡಾಕ್ಟರರ ಮುಂದೆ ಬಂದು ನಿಂತಳು.

"ನಾನೂ ನುಂಗೇನಿ."

"ಹಾಲು ಕುಡೀರಿ ಮೊದಲ."

"ಹಾಲು ಕುಡದ್ರ ವ್ರತ ಮುರೀತೈತಿ. ನಿಮ್ಮ ಬಾಯಾರದ್ದು ಏಕಾದಶಿ, ಅದಕ್ಕ ಹಾಲು ಹಣ್ಣು ನಡೀತಾವ. ನಮ್ಮದು ಬ್ಯಾರೆ."

"ಪ್ರಸಾದ ತಗೊಂಡ್ರ ಮುರೀತದೇನು?"

"ಪ್ರಸಾದಕ್ಕ ಯಾಕ ಮುರೀತೈತಿ?"

"ಹಂಗಾರ ದಿನಾ ಮುಂಜಾನಿ ಪೂಜಿಗೆ ಹಾಲು, ಬಾಳಿಹಣ್ಣು ಇಡ್ರಿ. ಅದನ್ನ ಪ್ರಸಾದ ಅಂತ ತಗೋರಿ. ಸೋಮವಾರನೂ. ಮುಂಜಾನಿ ಗುಳಗಿ ಈ ತಿಂಗಳ ಪೂರಾ ಬ್ಯಾಡ. ಸಂಜಿ ಊಟಕ್ಕ ಕೂಡೂ ಮುಂದ ಅರ್ಧಾ ಗುಳಗಿ. ಎಂಟು ದಿನಕ್ಕೊಮ್ಮೆ ಬಂದು ತೋರಸ್ರಿ."

"ಒಂದು ಬಾಳಿಹಣ್ಣೋ, ಎರಡೋ?"

"ಒಂದು."

"ಸಣ್ಣದಿದ್ರ?"

"ಸಣ್ಣದಿದ್ರ ಎರಡು," ಎಂದರು ಡಾಕ್ಟರರು. ಅವಳು ಲೋಟ ತೆಗೆದುಕೊಂಡು, ಗೋಡೆಯ ಮೇಲಿನ ಶಿವನ ಪಟಕ್ಕೆ ಒಮ್ಮೆ ತೋರಿಸಿ, ಗಟಗಟ ಕುಡಿದಳು.

ಓಣಿಗಿಳಿದ ಮೇಲೆ ಅವಳು ಅಣ್ಣನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮಾಸ್ತರರು ಹಿಂದೆ ನಡೆದರು. ಬಜಾರದ ತಿರುವಿನಲ್ಲಿ ಅವಳು ನಿಂತಳು, ಆದರೆ ಮುಖ ತಿರುಗಿಸಲಿಲ್ಲ.

"ವೈನಿ ತುಟಿ ಅಲ್ಲಾಡಸಾಕ ಹತ್ತಿದ್ಲೇನು ಅವತ್ತ?"

ತುಟಿಯ ಮಾತನ್ನು ತಾವು ಪಡಸಾಲೆಯಲ್ಲಿ ಹೇಳಿರಲಿಲ್ಲ ಎಂಬುದು ಮಾಸ್ತರರಿಗೆ ನೆನಪಿತ್ತು. ಕೂಡಿ ಬೆಳೆದ ತಂಗಿ ಊಹಿಸಿದ್ದಳು.

"ಹೌದು."

"ಏನಂತಿದ್ಲು?"

"ತಿಳೀಲಿಲ್ಲ, ಸಿದ್ದವ್ವ. ಮಂತ್ರ ಅಂತ ತಿಳಕೊಂಡೆ. ನನ್ನ ಕರೀತಿದ್ಲೋ ಏನೋ."

ಸಿದ್ದಲಿಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಾಳೆಹಣ್ಣಿನ ಗಾಡಿಯ ಮುಂದೆ ಹೋಗಿ, ಒಂದು ಚಿಪ್ಪು ಎತ್ತಿ, ಮೂಗಿನ ಹತ್ತಿರ ಹಿಡಿದು, ಕೆಳಗಿಟ್ಟು, ಇನ್ನೊಂದನ್ನು ಎತ್ತಿದಳು.

"ಸಣ್ಣವ ಅದಾವ," ಎಂದಳು. "ಹದಿನಾಕು ತಗೋ. ವಾರ ಪೂರಾ ಬೇಕಾಗತಾವ."